ಅರಬರ ಆಳಿಕೆಯಲ್ಲಿ ಮವಾಲಿಗಳ ಪಾಡು

ಏಳನೆಯ ಶತಮಾನದಲ್ಲಿ ಅರಬರು ಸಿರಿಯಾ, ಇರಾಕ, ಪಾರಸೀಕ, ಮಿಸರ ದೇಶಗಳನ್ನು ಗೆದ್ದ ವಿಷಯವು ಪ್ರಸ್ತಾಪಕ್ಕೆ ಬಂದಾಗಲೆಲ್ಲ ನಮ್ಮಲ್ಲಿ ಎರಡು ಬಗೆಯ ಮಾತುಗಳು ಕೇಳಿಬರುತ್ತವೆ. ಗೆದ್ದವರು ಕಂಡಕಂಡವರನ್ನೆಲ್ಲ ಖಡ್ಗದ ಬಲದಿಂದ ತಮ್ಮ ಮತಕ್ಕೆ ಸೇರಿಸಿಕೊಂಡರೆಂಬುದು ಒಂದು ಪಕ್ಷ. ಹೊಸ ಮತವು ಹಳೆಯ ತಾರತಮ್ಯಗಳನ್ನೆಲ್ಲ ಒಂದೇ ಏಟಿಗೆ ತೊಡೆದುಹಾಕಿ, ಬಂದವರನ್ನೆಲ್ಲ ಸರಿಸಮಾನರನ್ನಾಗಿ ಮಾಡಿತೆಂಬುದು ಇನ್ನೊಂದು ಪಕ್ಷ. ಎರಡು ಪಕ್ಷದವರೂ ಆವೇಶದಿಂದಲೇ ವಾದಿಸುವರು; ಆದರೆ ಆ ಕಾಲದ ಕಂದಾಯದ ಲೆಕ್ಕವನ್ನು ಬಿಚ್ಚಿ ನೋಡುವ ಶ್ರಮವನ್ನು ಇಬ್ಬರೂ ವಹಿಸಿದಂತೆ ಕಾಣುವುದಿಲ್ಲ. ಬಿಚ್ಚಿ ನೋಡಿದವರಿಗೆ ಇಬ್ಬರ ವಾದಕ್ಕೂ ಅನುಕೂಲವಲ್ಲದ ಒಂದು ಸಂಗತಿಯು ಗೋಚರವಾಗುತ್ತದೆ. ಸೋತ ನಾಡಿನ ರೈತನು ಗೆದ್ದವರ ಮತವನ್ನು ತಾನಾಗಿಯೇ ಸ್ವೀಕರಿಸಿ ಪಟ್ಟಣದ ಬಾಗಿಲಿಗೆ ಬಂದು ನಿಂತಾಗ, ಅವನನ್ನು ಕುತ್ತಿಗೆ ಹಿಡಿದು ಹಳ್ಳಿಗೆ ಹಿಂದಿರುಗಿಸಿದವರು ಆ ಮತದ ಅಧಿಕಾರಿಗಳೇ ಆಗಿದ್ದರು. ಈ ವಿಚಿತ್ರವು ಹೇಗೆ ಸಂಭವಿಸಿತೆಂಬುದನ್ನು ವಾಚಕರ ಮುಂದಿಡಬೇಕೆಂದು ನಾವು ಬಯಸುತ್ತೇವೆ.

ಅರಬರಲ್ಲದ ಈ ಹೊಸ ಮುಸಲ್ಮಾನರಿಗೆ ಮವಾಲಿಗಳೆಂದು ಹೆಸರು. ಈ ಶಬ್ದವನ್ನು ಕೇಳಿದೊಡನೆ ನಮ್ಮವರಿಗೆ ಬೀದಿಯ ಬೈಗುಳೊಂದು ನೆನಪಾದೀತು. ಇಲ್ಲಿ ಆ ಅರ್ಥವನ್ನು ಬದಿಗಿಡಬೇಕು. ಮವಾಲಿ ಎಂಬುದು ಬಹುವಚನ; ಏಕವಚನ ಮೌಲಾ. ಮೌಲವಿ ಎಂಬ ಶಬ್ದವೂ ಅದರಿಂದಲೇ ಹುಟ್ಟಿದ್ದು. ಅರಬೀ ಭಾಷೆಯಲ್ಲಿ ಈ ಒಂದೇ ಶಬ್ದವು ಒಡೆಯನೆಂಬ ಅರ್ಥವನ್ನೂ ಆಶ್ರಿತನೆಂಬ ಅರ್ಥವನ್ನೂ ಕೊಡುವುದು. ಹೊಸದಾಗಿ ಬಂದವನು ಯಾವುದಾದರೊಂದು ಅರಬ ಕುಲದ ಆಶ್ರಯವನ್ನು ಪಡೆಯಬೇಕಾಗಿತ್ತು. ಆ ಕುಲದ ಹೆಸರಿನ ಬಾಲವಾಗಿ ತನ್ನ ಹೆಸರನ್ನು ಬರೆಯಿಸಿಕೊಳ್ಳಬೇಕಾಗಿತ್ತು. ದೇವರ ಮುಂದೆ ಅವನು ಸಮಾನ, ಕುಲದ ಮುಂದೆ ಆಶ್ರಿತ. ಹಣದ ವಿಷಯದಲ್ಲಿ ಅವನು ಏನಾಗಿದ್ದನೆಂಬುದೇ ನಮ್ಮ ಪ್ರಕೃತ ವಿಚಾರ.

ರಾಜ್ಯದ ಆರ್ಥಿಕ ಏರ್ಪಾಡನ್ನು ಮೊದಲು ತಿಳಿಯದೆ ಮುಂದಿನ ಮಾತು ಅರ್ಥವಾಗಲಾರದು. ಎರಡನೆಯ ಖಲೀಫರಾದ ಉಮರರು ಗೆದ್ದ ನೆಲವನ್ನು ಸೈನಿಕರಿಗೆ ಹಂಚಿಕೊಡಲಿಲ್ಲ. ಇರಾಕದ ಫಲವತ್ತಾದ ಬಯಲು, ಅರಬರು ಸವಾದವೆಂದು ಕರೆದ ಪ್ರದೇಶ, ಹಳೆಯ ಬೇಸಾಯಗಾರರ ಕೈಯಲ್ಲಿಯೇ ಉಳಿಯಿತು. ಅದನ್ನು ಉಸ್ಮಾನ್ ಇಬ್ನ್ ಹುನೈಫರಿಂದ ಅಳತೆ ಮಾಡಿಸಿ, ನೆಲಕ್ಕೆ ಖರಾಜೆಂಬ ಕಂದಾಯವನ್ನೂ ಆಳಿಗೆ ಜಿಜಿಯಾ ಎಂಬ ತಲೆಗಂದಾಯವನ್ನೂ ವಿಧಿಸಿದರು. ತಲೆಗಂದಾಯವು ವರ್ಷಕ್ಕೆ ಶ್ರೀಮಂತನಿಗೆ 48, ಮಧ್ಯಮನಿಗೆ 24, ಬಡವನಿಗೆ 12 ದಿರಹಮುಗಳೆಂದು ಇತಿಹಾಸಕಾರರು ಬರೆದಿರುವರು. ಹೀಗೆ ಬಂದ ಹಣದಿಂದ ಅರಬ ಸೈನಿಕರಿಗೂ ಅವರ ಕುಟುಂಬದವರಿಗೂ ವರ್ಷಾಶನವನ್ನು ಕೊಡಲಾಗುತ್ತಿತ್ತು. ಯಾರಿಗೆ ಎಷ್ಟೆಂಬುದನ್ನು ಬರೆದಿಟ್ಟ ದಫ್ತರಕ್ಕೆ ದಿವಾನವೆಂದು ಹೆಸರು. ಮೈಸೂರಿನ ದಿವಾನಗಿರಿಯ ಹೆಸರು ದೂರದ ಹಾದಿಯಿಂದ ನಮಗೆ ಬಂದುದು ಈ ಶಬ್ದದಿಂದಲೇ. ಬದರಿನ ಯುದ್ಧದಲ್ಲಿ ಹೋರಾಡಿದ ಹಿರಿಯರಿಗೆ 5,000 ದಿರಹಮು; ತಡವಾಗಿ ಬಂದ ಸಾಮಾನ್ಯ ಸೈನಿಕನಿಗೆ ಕೆಲವು ನೂರು. ಈ ಸೈನಿಕರು ಬಸ್ರಾ, ಕೂಫಾ, ಫುಸ್ತಾತ್ ಮುಂತಾದ ಹೊಸ ದಂಡಿನ ಪಟ್ಟಣಗಳಲ್ಲಿ ವಾಸವಾಗಿದ್ದರು. ಹಳ್ಳಿಯವರು ದುಡಿದು ಕೊಡುವವರು, ಪಟ್ಟಣದವರು ಉಣ್ಣುವವರು.

ಈ ತಲೆಗಂದಾಯವನ್ನು ಅರಬರೇ ಹೊಸದಾಗಿ ಹುಟ್ಟಿಸಿದರೆಂದು ತಿಳಿಯಬಾರದು. ಆರನೆಯ ಶತಮಾನದಲ್ಲಿ ಪಾರಸೀಕದ ಚಕ್ರವರ್ತಿಯಾದ ಮೊದಲನೆಯ ಖುಸ್ರುವು ನೆಲವನ್ನು ಅಳೆಯಿಸಿ ಖಾಯಂ ಕಂದಾಯವನ್ನು ಕಟ್ಟಿದಾಗಲೇ ತಲೆಗಂದಾಯವನ್ನೂ ಕ್ರಮಪಡಿಸಿದ್ದನು. ಕುಲೀನರು, ಸೈನಿಕರು, ಅಗ್ನಿಪೂಜಕ ಪುರೋಹಿತರು, ಸರಕಾರದ ಲೇಖಕರು ಇವರಿಗೆಲ್ಲ ಅದರಿಂದ ವಿನಾಯಿತಿಯಿತ್ತು. ಆದುದರಿಂದ ತಲೆಗಂದಾಯವನ್ನು ತೆರುವುದೆಂದರೆ ಹಣದ ಭಾರಕ್ಕಿಂತಲೂ ಹೆಚ್ಚಾಗಿ ಹೀನತೆಯ ಗುರುತೆಂಬ ಭಾವನೆಯು ಆ ನಾಡಿನಲ್ಲಿ ಮೊದಲೇ ಬೇರೂರಿತ್ತು. ಹೊಸ ಮತಕ್ಕೆ ಬಂದರೂ ಆ ಗುರುತು ಅಳಿಯದಿದ್ದಾಗ ಮವಾಲಿಯ ಎದೆಯಲ್ಲಿ ಹೊತ್ತಿದ ಬೆಂಕಿಗೆ ಇದೂ ಒಂದು ಕಾರಣ.

ಆರಂಭದಲ್ಲಿ ಬಂದವರ ಸ್ಥಿತಿಯು ಕೆಟ್ಟದಾಗಿರಲಿಲ್ಲವೆಂಬುದನ್ನೂ ಹೇಳಬೇಕು. ಪಾರಸೀಕ ಸೈನ್ಯದ ಅಸಾವಿರರೆಂಬ ರಾವುತರು ಮೊದಲೇ ಕರಾರು ಮಾಡಿಕೊಂಡು ಅರಬರ ಪಕ್ಷಕ್ಕೆ ಸೇರಿ ಬಸ್ರಾದಲ್ಲಿ ನೆಲೆಸಿದರು. ಅವರಿಗೆ ದೊರೆತ ವರ್ಷಾಶನವು ಅನೇಕ ಅರಬರ ಪಾಲಿಗಿಂತ ಹೆಚ್ಚಾಗಿತ್ತು. ಕೆಲವು ದೆಹ್ಕಾನರಿಗೂ, ಎಂದರೆ ಹಳ್ಳಿಗಳ ಮೇಲೆ ಹಿಡಿತವಿದ್ದ ಪಾರಸೀಕ ಜಮೀನುದಾರರಿಗೂ, 2,000 ದಿರಹಮುಗಳ ವರ್ಷಾಶನವು ಬರೆಯಲ್ಪಟ್ಟಿತು. ಕುದುರೆಯನ್ನು ತಂದವನಿಗೆ, ಹಳ್ಳಿಯ ಲೆಕ್ಕವನ್ನು ತಂದವನಿಗೆ ಮರ್ಯಾದೆ ದೊರೆಯಿತು. ಎರಡು ಕೈಗಳನ್ನು ಮಾತ್ರ ತಂದವನ ಮಾತು ಬೇರೆ. ಅವನ ಸಂಖ್ಯೆಯೇ ಹೆಚ್ಚು.

ಹಳ್ಳಿಯ ರೈತನು ಕಂದಾಯದ ಭಾರವನ್ನು ತಾಳಲಾರದೆ ನೇಗಿಲನ್ನು ಬಿಟ್ಟು ಕೂಫಾಕ್ಕೋ ಬಸ್ರಾಕ್ಕೋ ಬರುವನು, ಕಲಿಮಾ ಓದುವನು, ನೇಯ್ಗೆ, ಚಮ್ಮಾರಿಕೆ, ಅಂಗಡಿ, ಕೂಲಿ, ಹೀಗೆ ಯಾವುದಾದರೊಂದನ್ನು ಹಿಡಿಯುವನು. ಯುದ್ಧ ಬಂದಾಗ ಅವನನ್ನೂ ಕರೆಯುವರು. ಅರಬನು ಕುದುರೆಯ ಮೇಲೆ, ಮೌಲಾ ಕಾಲ್ನಡಿಗೆಯಲ್ಲಿ. ಲೂಟಿಯಲ್ಲಿ ಅವನಿಗೆ ಪಾಲು ಕಡಿಮೆ, ದಿವಾನದಲ್ಲಿ ಅನೇಕ ವೇಳೆ ಹೆಸರೇ ಇಲ್ಲ. ಉಮಯ್ಯಾ ಮನೆತನದವರು 661ರಿಂದ 750ರ ವರೆಗೆ ದಮಾಸ್ಕಸಿನಿಂದ ಆಳಿದ ಕಾಲದಲ್ಲಿ ಇದೇ ರೂಢಿಯಾಯಿತು. 685ರಲ್ಲಿ ಮುಖ್ತಾರನು ಕೂಫಾದಲ್ಲಿ ಬಂಡೆದ್ದು ಅಧಿಕಾರವನ್ನು ಹಿಡಿದಾಗ ಮವಾಲಿಗಳಿಗೆ ಕುದುರೆಯನ್ನು ಕೊಟ್ಟನು, ಹಣದಲ್ಲಿ ಪಾಲನ್ನೂ ಕೊಟ್ಟನು. ಕೂಫಾದ ಅರಬ ಮುಖಂಡರು ಇದನ್ನು ಸಹಿಸದೆ ಹೋದರು. ದೇವರು ತಮಗೆ ದಯಪಾಲಿಸಿದ ಈ ಆಳುಗಳಿಗೇ ತಮ್ಮ ಪಾಲಿನ ಹಣವನ್ನು ಹಂಚುವುದೆಂದರೇನೆಂದು ಅವರು ದೂರಿದರು. ಇಮ್ಮಾಮ ಯಾರೆಂಬ ಜಗಳಕ್ಕಿಂತ ಈ ಪಾಲಿನ ಜಗಳವೇ ಅವರನ್ನು ಮುಖ್ತಾರನಿಂದ ಹೆಚ್ಚಾಗಿ ದೂರ ಮಾಡಿತೆಂದು ನಮ್ಮ ಅಭಿಪ್ರಾಯ. 687ರಲ್ಲಿ ಮುಖ್ತಾರನು ಸತ್ತ ಮೇಲೆ ಶರಣು ಬಂದ ಅವನ ಸಾವಿರಾರು ಅನುಯಾಯಿಗಳನ್ನು ಕೊಂದರು. ಅವರಲ್ಲಿ ಬಹು ಮಂದಿ ಮವಾಲಿಗಳು.

ಇನ್ನು ಹಜ್ಜಾಜನ ವಿಚಾರ. 694ರಿಂದ 714ರ ವರೆಗೆ ಇರಾಕಿನ ರಾಜ್ಯಪಾಲನಾಗಿದ್ದ ಹಜ್ಜಾಜ್ ಇಬ್ನ್ ಯೂಸುಫನು ಶಾಲೆಯ ಉಪಾಧ್ಯಾಯನಾಗಿದ್ದು ರಾಜ್ಯಕಾರ್ಯಕ್ಕೆ ಬಂದವನು. ಲೆಕ್ಕದಲ್ಲಿ ನಿಪುಣ, ದಯೆಯಲ್ಲಿ ದರಿದ್ರ. ರೈತರು ಮುಸಲ್ಮಾನರಾಗಿ ಪಟ್ಟಣಗಳಿಗೆ ಹೊರಟುಹೋದುದರಿಂದ ಖರಾಜು ಮುರಿದುಬಿದ್ದಿದೆಯೆಂದು ಅವನ ಕಂದಾಯದ ಅಧಿಕಾರಿಗಳು ಅವನಿಗೆ ಬರೆದರು. ಹಳ್ಳಿಯಲ್ಲಿ ಮೂಲವಿರುವವರೆಲ್ಲರೂ ಹಳ್ಳಿಗೆ ಹಿಂದಿರುಗತಕ್ಕದ್ದೆಂದೂ, ಅವರಿಂದ ಮೊದಲಿನಂತೆಯೇ ತೆರಿಗೆಯನ್ನು ವಸೂಲು ಮಾಡತಕ್ಕದ್ದೆಂದೂ ಅವನು ಆಜ್ಞೆ ಮಾಡಿದನು. ಪಟ್ಟಣದಿಂದ ಹೊರದೂಡಲ್ಪಟ್ಟ ಆ ಜನರು ಎಲ್ಲಿಗೆ ಹೋಗಬೇಕೆಂದು ತಿಳಿಯದೆ ಬಯಲಿನಲ್ಲಿ ನಿಂತು, ಪ್ರವಾದಿಯ ಹೆಸರನ್ನು ಹಿಡಿದು ಕೂಗುತ್ತ ಅತ್ತರೆಂದೂ, ಬಸ್ರಾದ ಕುರಾನ್ ಪಾಠಕರು ಅದನ್ನು ಕೇಳಿ ಹೊರಬಂದು ಅವರೊಡನೆ ಕಣ್ಣೀರಿಟ್ಟರೆಂದೂ ತಬರಿಯು ಬರೆದಿಟ್ಟಿದ್ದಾನೆ. ಮತ್ತೆ ಪಟ್ಟಣಕ್ಕೆ ನುಸುಳದಂತೆ ಒಬ್ಬೊಬ್ಬನ ಕೈಯ ಮೇಲೂ ಅವನ ಹಳ್ಳಿಯ ಹೆಸರನ್ನು ಬರೆಯಿಸಿದರೆಂಬ ವೃತ್ತಾಂತವೂ ಹಳೆಯ ಗ್ರಂಥಗಳಲ್ಲಿದೆ. ದನಕ್ಕೆ ಮುದ್ರೆಯೊತ್ತುವುದನ್ನು ನಾವು ಬಲ್ಲೆವು. ಒಂದೇ ಮಸೀದಿಯಲ್ಲಿ ಒಂದೇ ದಿಕ್ಕಿಗೆ ತಿರುಗಿ ನಮಾಜು ಮಾಡುವ ಮನುಷ್ಯನ ಕೈಗೆ ಮುದ್ರೆಯೊತ್ತುವ ಧೈರ್ಯ ಬಂದುದು ಖಜಾನೆಯ ಭಯದಿಂದ.

ಇದರ ಫಲವು ತಡವಾಗಲಿಲ್ಲ. ಇಬ್ನುಲ್ ಅಶ್‌ಅಸನೆಂಬ ಅರಬ ಸೇನಾಪತಿಯು ಹಜ್ಜಾಜನ ಮೇಲೆ ತಿರುಗಿ ಬಿದ್ದಾಗ ಕುರಾನ್ ಪಾಠಕರೂ ಮವಾಲಿಗಳೂ ಅವನನ್ನು ಕೂಡಿಕೊಂಡರು. 701ರ ಸುಮಾರಿಗೆ ದೈರುಲ್ ಜಮಾಜಿಮಿನಲ್ಲಿ ಅವನ ಕಡೆ ವರ್ಷಾಶನ ಪಡೆಯುವ ಒಂದು ಲಕ್ಷ ಅರಬರೂ ಅಷ್ಟೇ ಮಂದಿ ಮವಾಲಿಗಳೂ ಇದ್ದರೆಂಬ ಲೆಕ್ಕವುಂಟು. ಹಳೆಯ ಲೇಖಕರ ಇಂಥ ಸಂಖ್ಯೆಗಳನ್ನು ನಾವು ಅರ್ಧ ನಂಬುವುದು ಒಳ್ಳೆಯದು. ಸಿರಿಯಾದ ಸೈನ್ಯದ ಮುಂದೆ ಆ ಬಂಡಾಯವು ನಿಲ್ಲಲಿಲ್ಲ.

717ರಲ್ಲಿ ಖಲೀಫ ಪದವಿಗೆ ಬಂದ ಎರಡನೆಯ ಉಮರರು ಈ ಅನ್ಯಾಯವನ್ನು ಕಣ್ಣಿಟ್ಟು ನೋಡಿದ ಮೊದಲನೆಯ ಉಮಯ್ಯಾ ದೊರೆ. ಖುರಾಸಾನಿನಿಂದ ಬಂದ ನಿಯೋಗದಲ್ಲಿ ಅಬುಸ್ಸೈದಾ ಎಂಬ ಒಬ್ಬ ಮೌಲಾ ಇದ್ದನು. ಅರಬರಿಬ್ಬರು ಮಾತನಾಡಿ ಮುಗಿಸಿದರೂ ಅವನು ಸುಮ್ಮನೆ ಕುಳಿತಿದ್ದುದನ್ನು ಕಂಡು ಖಲೀಫರೇ ಮಾತನಾಡಿಸಿದರು. 20,000 ಮವಾಲಿಗಳು ವರ್ಷಾಶನವಿಲ್ಲದೆ, ಬುತ್ತಿಯೂ ಇಲ್ಲದೆ ಯುದ್ಧ ಮಾಡುತ್ತಿರುವರೆಂದೂ, ಅಷ್ಟೇ ಮಂದಿ ಮುಸಲ್ಮಾನರಾದ ಮೇಲೆಯೂ ತೆರಿಗೆಯನ್ನು ಕೊಡುತ್ತಿರುವರೆಂದೂ ಅವನು ಬಿನ್ನವಿಸಿದನು. ಕಿಬ್ಲಾದ ಕಡೆಗೆ ಮುಖಮಾಡಿ ನಮಾಜು ಮಾಡುವವರಿಂದ ಜಿಜಿಯಾವನ್ನು ತೆಗೆದುಕೊಳ್ಳಬಾರದೆಂದು ಉಮರರು ಅಲ್ಲಿಯ ರಾಜ್ಯಪಾಲನಾದ ಜರ್ರಾಹನಿಗೆ ಬರೆದರು. ಕೂಡಲೆ ಜನರು ಗುಂಪುಗುಂಪಾಗಿ ಮತಕ್ಕೆ ಬಂದರು. ಇವರು ತೆರಿಗೆ ತಪ್ಪಿಸಿಕೊಳ್ಳಲು ಬಂದವರು, ಸುನ್ನತಿಯಾಗಿದೆಯೇ ಎಂದು ಪರೀಕ್ಷಿಸಬೇಕೆಂದು ಸಲಹೆ ಹುಟ್ಟಿತು. ದೇವರು ಮುಹಮ್ಮದರನ್ನು ಕಳುಹಿಸಿದ್ದು ಕರೆಯುವುದಕ್ಕಾಗಿ, ಸುನ್ನತಿ ಮಾಡುವುದಕ್ಕಾಗಿ ಅಲ್ಲವೆಂದು ಉಮರರು ಉತ್ತರ ಕೊಟ್ಟರು. ಮಿಸರದ ಕಂದಾಯಾಧಿಕಾರಿಯು ಮತಾಂತರದಿಂದ ತನ್ನ ಖಜಾನೆಯು ಬರಿದಾಯಿತೆಂದು ಗೋಳಿಟ್ಟಾಗಲೂ ಇದೇ ಧಾಟಿಯ ಉತ್ತರ: ಪ್ರವಾದಿಗಳು ಬಂದುದು ದಾರಿ ತೋರಿಸಲು, ತೆರಿಗೆ ಎತ್ತಲು ಅಲ್ಲ. ಈ ಮಾತು ಅಕ್ಷರಶಃ ಹೀಗೆಯೇ ಆಡಲ್ಪಟ್ಟಿತೋ ಇಲ್ಲವೋ, ಅದನ್ನು ಶತಮಾನಗಳವರೆಗೆ ಬಾಯಿಂದ ಬಾಯಿಗೆ ಸಾಗಿಸಿದವರು ತೆರಿಗೆಯ ನೋವನ್ನುಂಡವರೇ ಇರಬೇಕು.

ನಮ್ಮ ಸಿಂಧದ ಸಂಗತಿಯೊಂದು ಇಲ್ಲಿಯೇ ಬರುತ್ತದೆ. ಹಜ್ಜಾಜನು ಕಳುಹಿಸಿದ ಮುಹಮ್ಮದ್ ಇಬ್ನ್ ಕಾಸಿಮನು 712ರಲ್ಲಿ ರಾಜಾ ದಾಹಿರನನ್ನು ಕೊಂದು ಸಿಂಧವನ್ನು ಗೆದ್ದುದು ಎಲ್ಲರಿಗೂ ಗೊತ್ತು. ಉಮರರು ಸಿಂಧದ ರಾಜರಿಗೆ ಪತ್ರ ಬರೆದು, ಮತವನ್ನು ಸ್ವೀಕರಿಸಿದರೆ ಅವರ ರಾಜ್ಯವು ಅವರಿಗೇ ಉಳಿಯುವುದೆಂದೂ ಮುಸಲ್ಮಾನರಿಗಿರುವ ಹಕ್ಕುಬಾಧ್ಯತೆಗಳೆಲ್ಲ ಅವರಿಗೂ ಇರುವುವೆಂದೂ ತಿಳಿಸಿದುದು ಅಷ್ಟಾಗಿ ಗೊತ್ತಿಲ್ಲ. ದಾಹಿರನ ಮಗ ಜಯಸಿಂಹನು ಈ ಮಾತನ್ನು ನಂಬಿ ಮುಸಲ್ಮಾನನಾದನು. ಮುಂದೆ ಹಿಷಾಮನ ಆಳಿಕೆಯಲ್ಲಿ ಜುನೈದನೆಂಬ ರಾಜ್ಯಪಾಲನು ಸೈನ್ಯದೊಡನೆ ಬಂದಾಗ, ತಾನು ಮುಸಲ್ಮಾನನಾದವನೆಂದೂ ಸಜ್ಜನನೊಬ್ಬನು ತನ್ನ ನಾಡನ್ನು ತನಗೆ ಒಪ್ಪಿಸಿರುವನೆಂದೂ ಜಯಸಿಂಹನು ಹೇಳಿ ಕಳುಹಿಸಿದನು. ಇಬ್ಬರೂ ಪರಸ್ಪರ ಭರವಸೆಗಳನ್ನು ವಿನಿಮಯ ಮಾಡಿಕೊಂಡರು. ನಾಡಿನ ಖರಾಜಿನ ಮಾತೂ ಆಯಿತು. ಕೊನೆಗೆ ಯುದ್ಧವಾಗಿ ಜಯಸಿಂಹನು ಹತನಾದನು. ಅವನೇ ಮಾತಿಗೆ ತಪ್ಪಿದನೆಂದು ಕೆಲವರು, ಜುನೈದನು ಅವನ ಮೇಲೆ ಇಲ್ಲದ ತಪ್ಪನ್ನು ಹೊರಿಸಿದನೆಂದು ಕೆಲವರು ಹೇಳುವರೆಂದು ಬಲಾಜುರಿಯು ಬರೆಯುತ್ತಾನೆ. ದೂರು ಕೊಡಲು ಇರಾಕಕ್ಕೆ ಹೊರಟ ಅವನ ತಮ್ಮನನ್ನೂ ಜುನೈದನು ನಯವಾಗಿ ಬರಮಾಡಿಕೊಂಡು ಕೊಲ್ಲಿಸಿದನು. ರಾಜಪುತ್ರನ ಪಾಡೇ ಹೀಗಾದ ಮೇಲೆ ಒಕ್ಕಲಿಗನ ಪಾಡನ್ನು ಕೇಳುವುದೇನು?

ಉಮರರು 720ರಲ್ಲಿಯೇ ತೀರಿಕೊಂಡರು. ಅವರ ಆಜ್ಞೆಯು ಅವರೊಡನೆಯೇ ಬಹುಮಟ್ಟಿಗೆ ಮಣ್ಣು ಸೇರಿತು. ಹಜ್ಜಾಜನ ಹಳೆಯ ಕಾರ್ಯದರ್ಶಿಯೊಬ್ಬನು ಉತ್ತರ ಆಫ್ರಿಕದ ರಾಜ್ಯಪಾಲನಾಗಿ ಹೋಗಿ ಗುರುವಿನ ಪಾಠವನ್ನೇ ಬರ್ಬರ ಜನಾಂಗದ ಮೇಲೆ ಪ್ರಯೋಗಿಸಲು ಹೊರಟನು. ಅವನ ಕಾವಲುಗಾರರೇ ಅವನನ್ನು ಕೊಂದರು. ಬರ್ಬರರ ದೂರು ಅಲ್ಲಿಗೆ ಮುಗಿಯಲಿಲ್ಲ. ಸ್ಪೇನನ್ನು ಅರಬರಿಗಾಗಿ ಗೆದ್ದ ದಂಡಿನಲ್ಲಿ ಅವರೇ ಹೆಚ್ಚು. ಅಲ್ಲಿ ಅವರ ಪಾಲಿಗೆ ಬಂದುದು ಬಹುತೇಕ ಬೆಟ್ಟದ ಒಣ ನೆಲ. ಅವರ ನಿಯೋಗವು ದಮಾಸ್ಕಸಿಗೆ ಹೋಗಿ, ಯುದ್ಧದಲ್ಲಿ ತಮ್ಮನ್ನು ಮುಂದೆ ನಿಲ್ಲಿಸುವರು, ಪಾಲು ಹಂಚುವಾಗ ಹಿಂದೆ ನಿಲ್ಲಿಸುವರು, ಹುಟ್ಟದ ಮರಿಯ ಬಿಳಿಯ ತುಪ್ಪಳಕ್ಕಾಗಿ ತಮ್ಮ ಗಬ್ಬದ ಕುರಿಗಳ ಹೊಟ್ಟೆಯನ್ನು ಸೀಳುವರು, ಚೆಲುವೆಯರಾದ ಹೆಣ್ಣುಮಕ್ಕಳನ್ನು ಒಯ್ಯುವರು, ಇದು ಖಲೀಫರ ಆಜ್ಞೆಯೋ ಅಲ್ಲವೋ ಎಂದು ಕೇಳಬಯಸಿತು. ದರ್ಶನವೇ ದೊರೆಯಲಿಲ್ಲ. ಕೈಯಲ್ಲಿದ್ದ ಹಣ ಮುಗಿಯುವ ತನಕ ಕಾದು, ತಮ್ಮ ಹೆಸರುಗಳನ್ನು ಚೀಟಿಯಲ್ಲಿ ಬರೆದಿಟ್ಟು ಅವರು ಹಿಂದಿರುಗಿದರು. 740ರಲ್ಲಿ ತಾಂಜೀರಿನಲ್ಲಿ ಬಂಡಾಯವೆದ್ದಿತು. ಆಮೇಲೆ ಖಲೀಫನು ಆ ಚೀಟಿಯ ಹೆಸರುಗಳನ್ನು ವಿಚಾರಿಸಿದನಂತೆ.

ಸಮರಕಂದದ ಕಥೆಯು ಇನ್ನೂ ಬೋಧಪ್ರದವಾದುದು. ಖುರಾಸಾನಿನ ರಾಜ್ಯಪಾಲನಾದ ಅಶ್ರಸನು 728ರಲ್ಲಿ ಮೇಲೆ ಹೇಳಿದ ಅಬುಸ್ಸೈದಾನನ್ನೇ ಅಲ್ಲಿಗೆ ಪ್ರಚಾರಕ್ಕೆ ಕಳುಹಿಸಿದನು. ಬಂದವರಿಂದ ಜಿಜಿಯಾ ತೆಗೆದುಕೊಳ್ಳಬಾರದೆಂಬ ಕರಾರಿನ ಮೇಲೆಯೇ ಅಬುಸ್ಸೈದಾ ಹೊರಟನು. ಸುಗ್ದದ ಜನರು ಒಕ್ಕೊರಲಿನಿಂದ ಬಂದರು, ಮಸೀದಿಗಳನ್ನು ಕಟ್ಟಿದರು. ಆಗ ನಾಡಿನ ರಾಜನಾದ ಗೂರಕನೂ ದೆಹ್ಕಾನರೂ ಬಾಯಿ ಬಡಿದುಕೊಂಡರು. ಎಲ್ಲರೂ ಅರಬರಾಗಿಬಿಟ್ಟರು, ಇನ್ನು ಖರಾಜನ್ನು ಯಾರಿಂದ ಕೇಳುವುದೆಂದು ಅವರ ಪ್ರಶ್ನೆ. ಮುಸಲ್ಮಾನರಾದರೆಂದು ಹೇಳದೆ ಅರಬರಾದರೆಂದು ಹೇಳಿದುದನ್ನು ವಾಚಕರು ಗಮನಿಸಬೇಕು. ತೆರಿಗೆ ಕೊಡದವನೇ ಅರಬ. ಅಶ್ರಸನು ಮೊದಲು ಪರೀಕ್ಷೆಗಳನ್ನು ಹೇರಿದನು: ಸುನ್ನತಿಯಾಗಿರಬೇಕು, ಕುರಾನಿನ ಒಂದು ಅಧ್ಯಾಯವನ್ನು ಓದಬೇಕು. ಅದರಿಂದಲೂ ಲೆಕ್ಕ ಕೂಡದಿದ್ದಾಗ, ಹಿಂದೆ ಯಾರಿಂದ ತೆಗೆದುಕೊಳ್ಳುತ್ತಿದ್ದಿರೋ ಅವರಿಂದಲೇ ತೆಗೆದುಕೊಳ್ಳಿರೆಂದು ಅಪ್ಪಣೆ ಕೊಟ್ಟನು. 7,000 ಮಂದಿ ಸಮರಕಂದದ ಹೊರಗೆ ಬಿಡಾರ ಹೂಡಿ ಪ್ರತಿಭಟಿಸಿದರು. ಅಬುಸ್ಸೈದಾ ಅವರೊಡನೆ ನಿಂತನು, ಸೆರೆಮನೆಗೂ ಹೋದನು. ಸುಗ್ದರು ತುರ್ಕರನ್ನು ಕರೆದರು. ಆಕ್ಸಸ್ ನದಿಯ ಆಚೆಯ ನಾಡಿನಲ್ಲಿ ಅರಬರಿಗೆ ಕೆಲವೇ ಕೋಟೆಗಳು ಉಳಿದುವು.

ದೆಹ್ಕಾನರು ಹೀಗೇಕೆ ಕಳವಳಗೊಂಡರು? ಇದರ ಯಂತ್ರವನ್ನು ತಿಳಿಯಲು ಪಟೇಲ-ಶಾನುಭೋಗರ ಕಾಲದ ಕಥೆಗಳನ್ನು ಕೇಳಿದ ನಮ್ಮವರಿಗೆ ಕಷ್ಟವಾಗಲಾರದು. ಮರ್ವ್ ಮುಂತಾದ ಪೂರ್ವದ ನಗರಗಳು ಸೋತಾಗ ಇಡೀ ನಾಡಿಗೆ ಇಂತಿಷ್ಟೆಂದು ಮೊಬಲಗನ್ನು ಗೊತ್ತುಮಾಡಿದ್ದರು. ಅದನ್ನು ಮನೆಮನೆಗೆ ಹಂಚಿ ವಸೂಲು ಮಾಡುವವರು ದೆಹ್ಕಾನರು. ಒಬ್ಬನು ಮುಸಲ್ಮಾನನಾಗಿ ಹೊರಬಿದ್ದರೆ ಅವನ ಪಾಲು ಉಳಿದವರ ತಲೆಯ ಮೇಲೆ ಬೀಳುವುದು. ಎಲ್ಲರೂ ಹೊರಬಿದ್ದರೆ ದೆಹ್ಕಾನನ ತಲೆಯ ಮೇಲೆಯೇ. ಹೀಗಾಗಿ ಹಳೆಯ ಮತದ ಜಮೀನುದಾರನೂ ಹೊಸ ಮತದ ರಾಜ್ಯಪಾಲನೂ ಒಂದೇ ಹಾಸಿಗೆಯಲ್ಲಿ ಮಲಗಿದರು. ಮರ್ವದಲ್ಲಿ ನೆಲೆನಿಂತ ಅರಬ ರೈತರಿಗೂ ಈ ದೆಹ್ಕಾನರ ಕೈಯಿಂದ ಸುಖವಿರಲಿಲ್ಲ.

ಜರ್ಮನ್ ವಿದ್ವಾಂಸರಾದ ವೆಲ್‌ಹೌಸನ್ನರು 1902ರ ತಮ್ಮ ಗ್ರಂಥದಲ್ಲಿ ಉಮಯ್ಯಾ ರಾಜ್ಯದ ಪತನಕ್ಕೆ ಈ ಮವಾಲಿ ಪ್ರಶ್ನೆಯನ್ನು ಮುಖ್ಯ ಕಾರಣವಾಗಿ ತೋರಿಸಿದರು. ಅಮೇರಿಕದ ಡೆನೆಟ್ಟರ 1950ರ ಗ್ರಂಥವು, ತೆರಿಗೆಯ ಪದ್ಧತಿಯು ಇರಾಕಿನಲ್ಲೊಂದು, ಮಿಸರದಲ್ಲೊಂದು, ಖುರಾಸಾನಿನಲ್ಲೊಂದು ಬಗೆಯಾಗಿತ್ತು, ಎಲ್ಲವನ್ನೂ ಒಂದೇ ಅಚ್ಚಿಗೆ ಹೊಯ್ಯಬಾರದೆಂದು ವಾದಿಸಿತು. ಆ ಕಾಲದ ಬರಹಗಳಲ್ಲಿ ಜಿಜಿಯಾ, ಖರಾಜು ಎಂಬ ಶಬ್ದಗಳು ಒಂದರ ಸ್ಥಾನದಲ್ಲಿ ಇನ್ನೊಂದು ಪ್ರಯೋಗವಾಗುತ್ತಿದ್ದುದರಿಂದ ಗೊಂದಲವು ಹೆಚ್ಚಿತು. ಡೆನೆಟ್ಟರ ಎಚ್ಚರಿಕೆಯು ಯುಕ್ತವಾದುದೇ. ಆದರೆ ರೈತನಿಗೆ ತನ್ನಿಂದ ಕಿತ್ತುಕೊಂಡ ನಾಣ್ಯದ ಹೆಸರು ಯಾವುದಾದರೇನು?

ಮವಾಲಿಗಳೆಲ್ಲರೂ ದರಿದ್ರರೆಂದು ಹೇಳಿದರೆ ಅದು ಸುಳ್ಳಾಗುವುದು. ಇರಾಕಿನ ಲೆಕ್ಕಪತ್ರಗಳನ್ನು ಪಾರಸೀಕದಿಂದ ಅರಬೀ ಭಾಷೆಗೆ ತಿರುಗಿಸಿದ ಸಾಲಿಹನು ಮೌಲಾ. ಹಜ್ಜಾಜನ ಕಚೇರಿಯೇ ಅವನಿಲ್ಲದೆ ನಡೆಯುವಂತಿರಲಿಲ್ಲ. ಬಸ್ರಾದ ಪೂಜ್ಯ ಹಸನರು ಮೌಲಾ ಕುಟುಂಬದವರು. 767ರಲ್ಲಿ ತೀರಿಕೊಂಡ ಇಮಾಮ್ ಅಬೂ ಹನೀಫಾ, ನಮ್ಮ ದೇಶದ ಬಹುಸಂಖ್ಯಾತ ಮುಸಲ್ಮಾನರು ಯಾರ ಧರ್ಮಶಾಸ್ತ್ರವನ್ನು ಅನುಸರಿಸುವರೋ ಅವರು, ಕೂಫಾದ ಮವಾಲಿ ಮನೆತನದ ರೇಷ್ಮೆ ಬಟ್ಟೆಯ ವರ್ತಕರು. ವ್ಯಾಪಾರ, ವಿದ್ಯೆ, ಲೇಖನಿ ಇವುಗಳ ದಾರಿಯು ತೆರೆದಿತ್ತು. ನೇಗಿಲು ಹಿಡಿದವನ ದಾರಿಯೇ ಮುಚ್ಚಿತ್ತು.

ತಿದ್ದುಪಡಿಯು ಬಂದಾಗ ಹೊತ್ತು ಮೀರಿತ್ತು. ಖುರಾಸಾನಿನ ಕೊನೆಯ ಉಮಯ್ಯಾ ರಾಜ್ಯಪಾಲನಾದ ನಸ್ರ್ ಇಬ್ನ್ ಸಯ್ಯಾರನು 739ರ ಸುಮಾರಿಗೆ ಮರ್ವದಲ್ಲಿ ಲೆಕ್ಕ ತೆಗೆಸಿದಾಗ, 30,000 ಮುಸಲ್ಮಾನರು ಜಿಜಿಯಾ ಕೊಡುತ್ತಿದ್ದರು, 80,000 ಮಂದಿ ಅನ್ಯಮತೀಯರು ಅದರಿಂದ ತಪ್ಪಿಸಿಕೊಂಡಿದ್ದರು. ಮುಖಂಡರು ತಮ್ಮತಮ್ಮ ಮತದವರನ್ನು ಕಾಪಾಡಿಕೊಂಡುದರ ಫಲವಿದು. ಅವನು ಭಾರವನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೊರಳಿಸಿ, ನೆಲದ ಖರಾಜನ್ನು ಮತಭೇದವಿಲ್ಲದೆ ಎಲ್ಲರ ಮೇಲೂ ಕಟ್ಟಿದನು. ಮತ ಬದಲಾಯಿಸಿದವನಿಗೆ ತಲೆಗಂದಾಯ ತಪ್ಪುವುದು, ನೆಲಗಂದಾಯ ತಪ್ಪದು ಎಂಬುದೇ ಮುಂದೆ ಶಾಸ್ತ್ರಕಾರರ ಸಿದ್ಧಾಂತವೂ ಆಯಿತು. ಹಾರೂನ್ ಅಲ್ ರಶೀದನಿಗಾಗಿ ಅಬೂ ಯೂಸುಫನು ಖರಾಜಿನ ಮೇಲೆ ಬರೆದ ಗ್ರಂಥದಲ್ಲಿ ವಸೂಲಿಗಾರರ ಹಿಂಸೆಯ ವರ್ಣನೆಯು ಇನ್ನೂ ಬರುತ್ತದೆ. ಆದ್ದರಿಂದ ರೈತನ ಬೆನ್ನು ಪೂರ್ತಿ ನೆಟ್ಟಗಾಗಲಿಲ್ಲ.

747ರಲ್ಲಿ ಅದೇ ಮರ್ವದ ಸಮೀಪದ ಹಳ್ಳಿಯೊಂದರಲ್ಲಿ ಅಬೂ ಮುಸ್ಲಿಮನು ಕಪ್ಪು ಬಾವುಟವನ್ನೆತ್ತಿದನು. ಅವನೂ ಮೌಲಾ. ಅವನ ದಂಡಿಗೆ ಅರಬರೂ ಬಂದರು, ಹಳ್ಳಿಯ ಜನರೂ ಬಂದರು. ಬಂದವರಿಗೆ ಮೊದಲು ಮೂರು ದಿರಹಮು, ಆಮೇಲೆ ನಾಲ್ಕು ದಿರಹಮು ಬಟವಾಡೆಯಾಯಿತು. ಅವರ ಹೆಸರುಗಳನ್ನು ದಫ್ತರದಲ್ಲಿ ದಾಖಲು ಮಾಡುವಾಗ ಅಬೂ ಮುಸ್ಲಿಮನು ಒಂದು ಅಪ್ಪಣೆ ಕೊಟ್ಟನು: ಯಾವನನ್ನೂ ಕುಲದ ಹೆಸರಿನಿಂದ ಬರೆಯಕೂಡದು, ಅವನ ಹೆಸರು, ತಂದೆಯ ಹೆಸರು, ಹಳ್ಳಿಯ ಹೆಸರು ಇಷ್ಟನ್ನೇ ಬರೆಯಬೇಕು. ಹಜ್ಜಾಜನು ಕೈಯ ಮೇಲೆ ಬರೆಯಿಸಿದ್ದ ಹಳ್ಳಿಯ ಹೆಸರು ಹೀಗೆ ಸಂಬಳದ ಪಟ್ಟಿಗೆ ಬಂತು.